ಯಾರಿಗಕ್ಕಾ ಬೈತಿರೋದು?

ಒಂದು ದಿನ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಪಕ್ಕದಲ್ಲೇ ನಿಂತಿದ್ದೆ, ಕಣ್ಣು ಹಾಲಿನ ಮೇಲೆ, ಗಮನ ಫೋನಿನ ಮೇಲೆ. "ಥೂ, ದರಿದ್ರದವಳೇ! ಒಂದು ಕೆಲಸ ನೆಟ್ಟಗೆ ಬರಲ್ಲ. ದಂಡಪಿಂಡ!" ಎಂದೆ. ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು.

"ಯಾರಿಗಕ್ಕಾ ಬೈತಿರೋದು? ನಂಗಾ?"

"ನಿಂಗಲ್ಲ ಮಾರಾಯ್ತಿ, ನಂಗೇ ಬೈಕೊಂಡೆ."

ಕೆಲಸದಾಕೆ ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಹಂಗಾ? ನಂಗೆ ಹಂಗಂದಿದ್ರೆ ನಾಳೆಯಿಂದ ಬರ್ತಿರ್ಲಿಲ್ಲ" ಎಂದು ನಕ್ಕು ಹೋದಳು.

ನನಗೆ ನಗು ಬರಲಿಲ್ಲ. ಅವಳಿಗೇನೋ ಬೇರೆ ಮನೆ ಸಿಕ್ಕೀತು. ನಾನು ನನ್ನನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮರುದಿನ ಇನ್ನೊಂದು ಲೆಕ್ಕ ಶುರುಮಾಡಿದೆ. ಬೈದುಕೊಂಡಾಗಲೆಲ್ಲ ಒಂದು ಗೀಟು. ರಾತ್ರಿಯ ಹೊತ್ತಿಗೆ 14 ಗೀಟು. ಕನ್ನಡಕ ಸಿಗಲಿಲ್ಲವೆಂದು ಒಂದು, ರವಿಕೆ ಬಿಗಿಯಾಯಿತೆಂದು ಎರಡು, ಆಫೀಸಿನ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದ್ದಕ್ಕೆ ಐದು. ಅದೂ ಮೇಲಿನವರು ಏನೂ ಅನ್ನದೆ ತಿದ್ದಿಕೊಂಡ ಮೇಲೆ! ಬೈಗುಳಗಳೂ ನನ್ನವಲ್ಲವೆಂದು ಆಮೇಲೆ ಹೊಳೆಯಿತು. 'ದಂಡಪಿಂಡ' ಹೈಸ್ಕೂಲಿನ ಗಣಿತದ ಮೇಷ್ಟ್ರದ್ದು, 'ದರಿದ್ರ' ಅಜ್ಜಿಯದ್ದು. ಇಬ್ಬರೂ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಡ್ಯೂಟಿಯನ್ನು ನಾನು ಮಾಡುತ್ತಿದ್ದೆ.

ಗೆಳತಿ ಹೇಳಿದಳೆಂದು ಕನ್ನಡಿ ಮುಂದೆ ನಿಂತು "ನೀನು ಅದ್ಭುತ" ಎಂದೂ ನೋಡಿದೆ. ಎಣ್ಣೆ ಹಚ್ಚಿದ ತಲೆ, ಕಣ್ಣ ತುಂಬ ನಿದ್ದೆ, ಎಂಥ ಅದ್ಭುತ! ಮೂರೇ ದಿನಕ್ಕೆ ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಅಮ್ಮನ ಧಾಟಿ. ನನ್ನ ಹೆಸರು ಹಿಡಿದು ನಾನೇ ಕರೆದುಕೊಂಡು, "ಹೋಗ್ಲಿ ಬಿಡೇ, ಮೊದ್ಲು ಒಲೆ ಆರ್ಸು" ಅನ್ನುವುದು. ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ನಾನು' ಎನ್ನುವ ಬದಲು ತಮ್ಮ ಹೆಸರು ಹಿಡಿದು ಮಾತಾಡಿಕೊಂಡವರು ಭಾಷಣದಂಥ ಒತ್ತಡದ ಹೊತ್ತಿನಲ್ಲಿ ಅಷ್ಟಾಗಿ ಕಂಗೆಡಲಿಲ್ಲ. ನಮಗಿದು ಹೊಸತೇ? 1943ರಲ್ಲಿ ಬಂದ ಕಗ್ಗದ ಉದ್ದಕ್ಕೂ ಡಿವಿಜಿ 'ಮಂಕುತಿಮ್ಮ' ಎಂದು ಕರೆಯುತ್ತಲೇ ಹೋಗುತ್ತಾರೆ. ಮಂಕು ಎಂದರೂ ಆ ಕರೆಯಲ್ಲಿ ಸಿಟ್ಟಿಲ್ಲ.

ಮೆತ್ತಗೆ ಮಾತಾಡಿಕೊಂಡರೆ ಸೋಮಾರಿಯಾಗುತ್ತೇನೆಂಬ ಭಯವಿತ್ತು. ಹಾಗಾಗಲಿಲ್ಲ. ಮೊದಲು ಕರೆಂಟ್ ಬಿಲ್ಲಿನ ತಾರೀಕು ಮರೆತರೆ ಬೈದುಕೊಳ್ಳುವುದರಲ್ಲೇ ಶಿಕ್ಷೆ ಮುಗಿಯುತ್ತಿತ್ತು. ಮುಂದಿನ ತಿಂಗಳೂ ಮರೆಯುತ್ತಿದ್ದೆ. ಈಗ "ಮರೆತೆಯಲ್ಲೇ, ಫೋನಲ್ಲಿ ಅಲಾರಂ ಇಡು" ಅನ್ನುತ್ತೇನೆ. ಇಟ್ಟಿದ್ದೇನೆ.

ನಿನ್ನೆಯ ಲೆಕ್ಕ 5 ಗೀಟು. ನೀವೂ ಒಂದೇ ಒಂದು ದಿನ ಎಣಿಸಿ ನೋಡಿ. ಹೆಚ್ಚು ಬಂತೆಂದು ಮತ್ತೆ ಬೈದುಕೊಂಡರೆ ಅದಕ್ಕೂ ಒಂದು ಗೀಟು ಹಾಕಬೇಕು.