ಕೊಡದ ಮುಖವನ್ನು ತೆಗೆದುಕೊಳ್ಳಬಹುದೇ?

*ಇಂದಿನ ಧಮ್ಮ ಚಿಂತನೆ*



ಮೊನ್ನೆ ನಮ್ಮ ಗುಂಪಿಗೆ ಒಂದು ಫೋಟೋ ಬಂತು. ಯುದ್ಧದಲ್ಲಿ ಮನೆ ಕಳೆದುಕೊಂಡ ಮಗು. ಮೈತುಂಬ ದೂಳು, ಹಣೆಯಲ್ಲಿ ರಕ್ತ. ಹೆಸರಿಲ್ಲ, ಊರಿಲ್ಲ. ಕೆಳಗೆ ಅಳುವ ಮುಖದ ಹತ್ತಾರು ಇಮೋಜಿ. ನಾನೂ ಒಂದು ಹಾಕಿ, ಇನ್ನೆರಡು ಗುಂಪಿಗೆ ಕಳಿಸಿ ಊಟಕ್ಕೆ ಕೂತೆ. ಆಮೇಲೆ ತುತ್ತು ಇಳಿಯಲಿಲ್ಲ. ನಾನು ಮಾಡಿದ್ದು ಕರುಣೆಯ ಕೆಲಸವೋ, ಬರೀ ಬೆರಳಿನ ಕೆಲಸವೋ?

ಹಳೆಯದೊಂದು ನೆನಪಾಯಿತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಟ್ಟಣದಿಂದ ಕೆಲವರು ನಮ್ಮ ಕೇರಿಗೆ ನೋಟ್‌ಬುಕ್ ಹಂಚಲು ಬಂದರು. ಬಾಬಾಸಾಹೇಬರ ಜಯಂತಿಗೆಂದು ಹೊಲಿಸಿದ್ದ ಅಂಗಿಯನ್ನು ಅವ್ವ ತೊಡಿಸಿ ಕಳಿಸಿದ್ದಳು. ಕ್ಯಾಮೆರಾ ಹಿಡಿದವರು ನನ್ನನ್ನು ನೋಡಿ, "ಇದು ಬೇಡಪ್ಪ, ದಿನಾ ಹಾಕ್ತೀಯಲ್ಲ, ಆ ಅಂಗಿ ಹಾಕ್ಕೊಂಡು ಬಾ" ಎಂದರು. ಹರಿದ ಅಂಗಿ ಹಾಕಿಕೊಂಡು ಬಂದು ನಿಂತೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಹೇಳಲಿಲ್ಲ. ನೋಟ್‌ಬುಕ್ ಸಿಕ್ಕಿತು, ಅದರಲ್ಲೇ ಬರೆದು ಓದಿದೆ. ಆ ಫೋಟೋ ಎಲ್ಲಿ ಹೋಯಿತೋ, ಇವತ್ತಿಗೂ ನಾನು ನೋಡಿಲ್ಲ.

ತನ್ನ ಚಿತ್ರವನ್ನು ತಾನೇ ನೋಡದ ಇನ್ನೊಂದು ಮಗುವಿನ ಕಥೆ ಜಗತ್ತಿಗೇ ಗೊತ್ತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಲಕ್ಷಾಂತರ ಜನ ಊರು ಬಿಟ್ಟು ಪಾಕಿಸ್ತಾನಕ್ಕೆ ಬಂದರು. ಪೇಶಾವರದ ಬಳಿ ನಾಸಿರ್ ಬಾಗ್ ಶಿಬಿರ. ಅಲ್ಲಿನ ಡೇರೆ ಶಾಲೆಯಲ್ಲಿ 1984ರಲ್ಲಿ ಸ್ಟೀವ್ ಮೆಕರಿ ಎಂಬ ಫೋಟೋಗ್ರಾಫರ್ ಒಬ್ಬ ಹುಡುಗಿಯ ಫೋಟೋ ತೆಗೆದರು. 1985ರ ಜೂನ್‌ನಲ್ಲಿ ಅದು 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟವಾಯಿತು. ಆ ಹಸಿರು ಕಣ್ಣುಗಳನ್ನು ಕೋಟ್ಯಂತರ ಜನ ನೋಡಿದರು. ಆದರೆ ಹುಡುಗಿಯ ಹೆಸರನ್ನು ಅಂದು ಯಾರೂ ಬರೆದುಕೊಂಡಿರಲಿಲ್ಲ. 2002ರಲ್ಲಿ ಹುಡುಕಿಕೊಂಡು ಹೋದಾಗಲೇ ತಿಳಿದದ್ದು, ಆಕೆ ಶರ್ಬತ್ ಗುಲಾ ಎಂದು. ಅಲ್ಲಿಯವರೆಗೆ ಆಕೆ ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ಫೋಟೋ ತೆಗೆದ ಗಳಿಗೆ ನೆನಪಿತ್ತು. ಅಪರಿಚಿತ ಗಂಡಸೊಬ್ಬ ಹಾಗೆ ಮಾಡಿದ್ದಕ್ಕೆ ಬಂದ ಸಿಟ್ಟೂ ನೆನಪಿತ್ತು. ನಾವು ಇಷ್ಟು ವರ್ಷ ಆ ಕಣ್ಣಲ್ಲಿ ಏನೇನೋ ಓದಿಕೊಂಡಿದ್ದೆವು.

2016ರಲ್ಲಿ ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಆಕೆಯನ್ನು ಬಂಧಿಸಿ, ಆಮೇಲೆ ಅಫ್ಘಾನಿಸ್ತಾನಕ್ಕೆ ಕಳಿಸಿದರು. ಆ ಚಿತ್ರದಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚಾಯಿತು ಎಂದು ಆಕೆ ಹೇಳಿದ್ದುಂಟು, ಅದರಿಂದ ಗೌರವ ಬಂತೆಂದು ಹೇಳಿದ್ದೂ ಉಂಟು. ಎರಡೂ ನಿಜವಿರಬಹುದು. ಆದರೆ ಆ ಚಿತ್ರ ಬೇಕೋ ಬೇಡವೋ ಎಂದು ಹೇಳುವ ಸರದಿ ಆಕೆಗೆ ಬಂದದ್ದು ಎಷ್ಟು ತಡವಾಗಿ!

ಬಂಧುಗಳೇ, ಪಂಚಶೀಲದ ಎರಡನೆಯ ಶೀಲವನ್ನು ನಾವು ಪ್ರತಿ ವಂದನೆಯಲ್ಲೂ ಸ್ವೀಕರಿಸುತ್ತೇವೆ. ಅದನ್ನು 'ಕಳ್ಳತನ ಮಾಡುವುದಿಲ್ಲ' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಪಾಳಿಯ ಪದ 'ಅದಿನ್ನಾದಾನ'. 'ಅದಿನ್ನ' ಎಂದರೆ ಕೊಡದೆ ಇದ್ದದ್ದು, 'ಆದಾನ' ಎಂದರೆ ತೆಗೆದುಕೊಳ್ಳುವುದು. ಮನೆ, ಊರು, ಶಾಲೆ ಎಲ್ಲ ಹೋದ ಮಗುವಿಗೆ ತನ್ನದು ಅಂತ ಉಳಿದಿರುವುದು ತನ್ನ ಹೆಸರು ಮತ್ತು ಮುಖ. ಅದನ್ನೂ ಕೇಳದೆ ತೆಗೆದುಕೊಂಡರೆ ಈ ಶೀಲ ಉಳಿಯುತ್ತದೆಯೇ?

"ಹಾಗಾದರೆ ಯುದ್ಧದ ಫೋಟೋಗಳೇ ಬೇಡವೇ?" ಎಂದು ನೀವು ಕೇಳಬಹುದು. ಬೇಕು. ಮುಚ್ಚಿಟ್ಟ ದುಃಖಕ್ಕೆ ಮದ್ದಿಲ್ಲ. ಖೈರ್ಲಾಂಜಿಯನ್ನು ಮರೆಯದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 1972ರ ಜೂನ್ 8ರಂದು ವಿಯೆಟ್ನಾಮಿನ ತ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಬಾಂಬಿನಿಂದ ಸುಟ್ಟು, ಬೆತ್ತಲೆಯಾಗಿ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್‌ಳ ಚಿತ್ರ ಯುದ್ಧದ ಮುಖವನ್ನು ಜಗತ್ತಿಗೆ ತೋರಿಸಿತು. ಅಂದು ಅಲ್ಲಿದ್ದ ಫೋಟೋಗ್ರಾಫರ್ ನಿಕ್ ಉಟ್ ಆ ಮಗುವನ್ನು ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆದರೂ ಆ ಚಿತ್ರವನ್ನು ಕಂಡರೆ ಕಿಮ್ ಫುಕ್‌ಗೆ ಬಹಳ ಕಾಲ ನಾಚಿಕೆ, ನೋವು. ಮುಂದೆ ಆಕೆಯೇ ಆ ಚಿತ್ರವನ್ನು ಒಪ್ಪಿಕೊಂಡು, ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿದರು. ಒಪ್ಪುವ ಹಕ್ಕು ಆಕೆಯದು. ನೋಡಿ ಮರುಗುವ ನಮ್ಮದಲ್ಲ.

ಯುದ್ಧ ನಮಗೆ ದೂರದ ವಿಷಯವೂ ಅಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಬರೆದಂತೆ, ಸಿದ್ಧಾರ್ಥರು ಮನೆ ಬಿಟ್ಟದ್ದು ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡ ಎಂದದ್ದಕ್ಕೆ. ಹೋಗದಿದ್ದರೆ ಅವರ ಕುಟುಂಬಕ್ಕೆ ಬಹಿಷ್ಕಾರ ಕಾದಿತ್ತು. ಯುದ್ಧದಿಂದ ಊರು ಬಿಟ್ಟ ಮಗುವಿನ ಸಾಲಿನಲ್ಲೇ ನಮ್ಮ ತಥಾಗತರೂ ನಿಂತಿದ್ದಾರೆ.

ನಮ್ಮಲ್ಲಿ ಹಲವರು ಬೈಲಕುಪ್ಪೆಗೆ ಹೋಗುತ್ತೇವೆ. 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ಅಲ್ಲಿ ನೆಲೆಸಿದ್ದಾರೆ. ಪುಟ್ಟ ಸಾಮಣೇರರನ್ನು ಕಂಡ ಕೂಡಲೇ ನಮ್ಮ ಮೊಬೈಲು ಮೇಲೇಳುತ್ತದೆ. ಮುಂದಿನ ಸಲ ಹೋದಾಗ ಮೊಬೈಲು ಜೇಬಿನಲ್ಲಿರಲಿ. ಮೊದಲು ನಮ್ಮ ಹೆಸರು ಹೇಳೋಣ, ಆಮೇಲೆ ಅವರ ಹೆಸರು ಕೇಳೋಣ. ಅನುಭವಿಸಿದ ಕಷ್ಟವನ್ನು ಹೇಳು ಹೇಳು ಎಂದು ಯಾವ ಮಗುವನ್ನೂ ಕೆದಕದಿರೋಣ. ಫೋಟೋ ಬೇಕೆನಿಸಿದರೆ ಮಗುವನ್ನೂ ಹಿರಿಯರನ್ನೂ ಕೇಳೋಣ. ತೆಗೆದರೆ ಮೊದಲು ಮಗುವಿಗೇ ತೋರಿಸೋಣ. ಬೇಡ ಎಂದರೆ ನಕ್ಕು ಸುಮ್ಮನಾಗೋಣ.

*ಇಂದಿನ ಅಭ್ಯಾಸ:* ಇವತ್ತು ಗಾಯಗೊಂಡ ಮಗುವಿನ ಫೋಟೋ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ: ಇದು ನನ್ನ ಮಗುವಾಗಿದ್ದರೆ ಕಳಿಸುತ್ತಿದ್ದೆನೇ? ನಾನು ಮೊನ್ನೆ ಕಳಿಸಿದ್ದನ್ನು ಎರಡೂ ಗುಂಪುಗಳಿಂದ ಅಳಿಸಿದ್ದೇನೆ. ಸಂಜೆಯ ಮೈತ್ರಿ ಭಾವನೆಯಲ್ಲಿ ಆ ಮಗುವನ್ನು ನೆನೆಯುತ್ತೇನೆ. ಹೆಸರು ಗೊತ್ತಿಲ್ಲ, ಆದರೆ ಅದಕ್ಕೊಂದು ಹೆಸರಿದೆ.

ಜೈ ಭೀಮ್. ನಮೋ ಬುದ್ಧಾಯ. 🙏