ಡಿಸ್ಕ್ ಡ್ರೈವರ್ ಬರೆಯುವವರಿಗೆ ಎಂಟು ಸೂತ್ರಗಳು

ಉಡುಪಿಯ ಬನ್ನಂಜೆಯ ಸುತ್ತಮುತ್ತ ಎಂಜಿನಿಯರಿಂಗ್ ಓದುವವರಿಗೆ ಬರವಿಲ್ಲ. ಮಣಿಪಾಲ, ಬಂಟಕಲ್ಲು, ನಿಟ್ಟೆ ಎಲ್ಲವೂ ಬಸ್ಸಿನ ದಾರಿ. ಆ್ಯಪ್ ಬರೆಯಲು ಎಲ್ಲರೂ ಮುಂದೆ. ಕರ್ನಲ್ ಎಂದರೆ ಹಿಂಜರಿಯುವವರೇ ಹೆಚ್ಚು. ಹೆದರಬೇಕಾಗಿಲ್ಲ. ಕರ್ನಲ್‌ನ ಭಾಗವಾದ ಡಿಸ್ಕ್ ಡ್ರೈವರ್ ಮಾಡಬೇಕಾದ್ದು ಇಷ್ಟೇ: ಕೊಟ್ಟ ಡೇಟಾವನ್ನು ಕೆಡದಂತೆ ಇಟ್ಟು, ಕೇಳಿದಾಗ ಹಾಗೇ ಕೊಡುವುದು.

1. ಮೊದಲು ಸ್ಪೆಸಿಫಿಕೇಶನ್ ಓದಿ. ಎಸ್‌ಎಸ್‌ಡಿಗಳ ಎನ್‌ವಿಎಂಇ ನಿಯಮಾವಳಿ ಮೊದಲು ಬಂದದ್ದು 2011ರಲ್ಲಿ. ಅದು ಎಲ್ಲರಿಗೂ ಉಚಿತ. ಒಂದು ಕಮಾಂಡಿಗೆ 64 ಬೈಟ್, ಅದರ ಉತ್ತರಕ್ಕೆ 16 ಬೈಟ್. ಯಾವ ಬೈಟಿನಲ್ಲಿ ಏನಿದೆ ಎಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ಕೋಡಿಗೆ ಕೈಹಾಕಿ.

2. ಕಲಿಕೆ, ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ನಡೆಯಲಿ. ಅಲ್ಲಿ ಡಿಸ್ಕ್ ಎಂದರೆ ಒಂದು ಫೈಲ್ ಅಷ್ಟೇ; ಕೆಟ್ಟರೆ ಇನ್ನೊಂದು ಪ್ರತಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಪಾಠಕ್ಕೆಂದೇ ರೂಪಿಸಿದ ಎಕ್ಸ್‌ವಿ6 ಕರ್ನಲ್‌ನಲ್ಲಿ ಡಿಸ್ಕ್ ಡ್ರೈವರ್ ಇರುವುದು ಮುನ್ನೂರು ಸಾಲಿನ ಆಸುಪಾಸು. ಅದನ್ನು ಸಾಲು ಸಾಲಾಗಿ ಓದಿ.

3. ಸೆಕ್ಟರ್ ಸಂಖ್ಯೆಗೆ 64 ಬಿಟ್ ಕೊಡಿ. 512 ಬೈಟಿನ ಸೆಕ್ಟರ್, 32 ಬಿಟ್ಟಿನ ಸಂಖ್ಯೆ ಎಂದರೆ 2 ಟೆರಾಬೈಟಿಗೆ ಲೆಕ್ಕ ಮುಗಿಯಿತು. ಮುಂದಿನ ಸೆಕ್ಟರಿಗೆ ಬರೆಯಹೋದರೆ ಸಂಖ್ಯೆ ಸುತ್ತಿ ಸೊನ್ನೆಗೆ ಬಂದು, ಡಿಸ್ಕಿನ ಮೊದಲ ಸೆಕ್ಟರನ್ನೇ ಅಳಿಸುತ್ತದೆ. ಪಾರ್ಟಿಷನ್ ಪಟ್ಟಿ ಇರುವುದು ಅಲ್ಲೇ.

4. ಡೋರ್‌ಬೆಲ್ ಕೊನೆಗೆ ಒತ್ತಿ. ಕೊನೆಯ ಪ್ರಯಾಣಿಕ ಒಳಗೆ ಬಂದ ಮೇಲಷ್ಟೇ ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಾನೆ. ಹಾಗೆಯೇ 64 ಬೈಟೂ ಮೆಮೊರಿಗೆ ಸೇರಿದ ಮೇಲಷ್ಟೇ ಡೋರ್‌ಬೆಲ್ ರಿಜಿಸ್ಟರ್ ಮುಟ್ಟಬೇಕು; ಹೊಸ ಕಮಾಂಡ್ ಇದೆ ಎಂದು ಡಿಸ್ಕಿಗೆ ತಿಳಿಸುವುದು ಅದೇ. ಕಂಪೈಲರ್ ಮತ್ತು ಪ್ರೊಸೆಸರ್ ಎರಡೂ ಬರಹದ ಕ್ರಮ ಬದಲಿಸಬಲ್ಲವು. ನಡುವೆ ಮೆಮೊರಿ ಬ್ಯಾರಿಯರ್ ಇಡಿ.

5. ಉತ್ತರ ಹೊಸದೋ ಹಳೆಯದೋ ನೋಡಿ. ಇದಕ್ಕೆಂದೇ ಎನ್‌ವಿಎಂಇಯಲ್ಲಿ ಫೇಸ್ ಬಿಟ್ ಇದೆ. ಉತ್ತರಗಳು ಬಂದು ಕೂರುವ ಕ್ಯೂ ಒಂದು ಸುತ್ತು ಮುಗಿಸಿದಾಗಲೆಲ್ಲ ಡಿಸ್ಕ್ ಅದನ್ನು ತಿರುಗಿಸುತ್ತದೆ. ಮೊದಲು ಆ ಬಿಟ್ ಓದಿ, ಉಳಿದದ್ದನ್ನು ಆಮೇಲೆ ಓದಿ. ಉತ್ತರ ಬಂದಾಗ ಓಡುವ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ನಿದ್ದೆ ಸಲ್ಲದು. ದೊಡ್ಡ ಕೆಲಸವನ್ನು ಹೊರಗೆ ಕಳುಹಿಸಿ.

6. ಕರೆಂಟ್ ಹೋಗುತ್ತದೆ ಎಂದುಕೊಂಡೇ ಬರೆಯಿರಿ. ನಮ್ಮೂರಿನ ಮಳೆಗಾಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಡಿಸ್ಕ್ ‘ಬರೆದಾಯಿತು’ ಎಂದರೂ ಡೇಟಾ ಇನ್ನೂ ಅದರ ಕ್ಯಾಶ್‌ನಲ್ಲೇ ಇರಬಹುದು. ಫೈಲ್ ಸಿಸ್ಟಂ ಫ್ಲಶ್ ಕೇಳಿದರೆ ಆ ಕಮಾಂಡನ್ನು ನಿಜವಾಗಿಯೂ ಕಳುಹಿಸಿ, ಉತ್ತರ ಬರುವವರೆಗೆ ಕಾಯಿರಿ. ವೇಗದ ಆಸೆಗೆ ಇಲ್ಲಿ ಸುಳ್ಳು ಹೇಳಿದ ಡ್ರೈವರ್, ಯಾರದೋ ಅಂಗಡಿಯ ವರ್ಷದ ಲೆಕ್ಕವನ್ನೇ ನುಂಗಬಹುದು.

7. ಸೋಲಿನ ದಾರಿಯನ್ನೂ ಪರೀಕ್ಷಿಸಿ. ಲಿನಕ್ಸಿನ ಎನ್‌ವಿಎಂಇ ಡ್ರೈವರ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. ಕಾದರೂ ಉತ್ತರ ಬಾರದಿದ್ದರೆ ಕಮಾಂಡ್ ರದ್ದುಮಾಡಿ. ಬಗ್ಗದಿದ್ದರೆ ಕಂಟ್ರೋಲರನ್ನು ರಿಸೆಟ್ ಮಾಡಿ. ಡಿಸ್ಕ್ ನಿಂತದ್ದು ಖಾತ್ರಿಯಾಗುವ ತನಕ ಆ ಕಮಾಂಡಿನ ಬಫರನ್ನು ಬೇರೆಯವರಿಗೆ ಕೊಡಬೇಡಿ. ತಡವಾಗಿ ಬಂದ ಡಿಎಂಎ, ಅಂದರೆ ಡಿಸ್ಕ್ ನೇರವಾಗಿ ಮೆಮೊರಿಗೆ ಬರೆಯುವ ಡೇಟಾ, ಹೊಸ ಮಾಲೀಕನ ಮೆಮೊರಿಯನ್ನು ಕೆಡಿಸುತ್ತದೆ. ಕ್ಯೂಎಮುವಿನ ಬ್ಲಾಕ್‌ಡಿಬಗ್‌ನಿಂದ ಬೇಕೆಂದೇ ದೋಷ ಹುಟ್ಟಿಸಿ ನೋಡಿ.

8. ವೇಗ ಆಮೇಲೆ. ಹಳೆಯ ಡಿಸ್ಕುಗಳ ಎಎಚ್‌ಸಿಐ ನಿಯಮಾವಳಿಯಲ್ಲಿ ಒಂದು ಪೋರ್ಟಿಗೆ 32 ಕಮಾಂಡ್ ಮಿತಿ. ಎನ್‌ವಿಎಂಇಯಲ್ಲಿ 65,535 ಐ/ಓ ಕ್ಯೂಗಳವರೆಗೆ ಅವಕಾಶ. ಪ್ರತಿ ಕೋರಿಗೆ ಒಂದು ಕ್ಯೂ ಕೊಟ್ಟರೆ ಲಾಕಿಗಾಗಿ ಹೊಡೆದಾಟವಿಲ್ಲ. ಹಲವು ಕ್ಯೂಗಳ ಈ ಪದ್ಧತಿ ಲಿನಕ್ಸಿನ ಬ್ಲಾಕ್ ಲೇಯರಿಗೆ ಬಂದದ್ದು 2014ರ 3.13 ಆವೃತ್ತಿಯಲ್ಲಿ. ಮೊದಲು ಒಂದೇ ಕ್ಯೂ ತಪ್ಪಿಲ್ಲದೆ ನಡೆಯಲಿ.

ಇದು ದೂರದವರ ವಿದ್ಯೆಯಲ್ಲ. ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಲಿನಕ್ಸಿನ ಅಸಿಂಕ್ರೊನಸ್ ಐ/ಓ ಕುರಿತು ಸಹೋದ್ಯೋಗಿಗಳೊಂದಿಗೆ ಒಟ್ಟಾವದ ಲಿನಕ್ಸ್ ಸಮಾವೇಶಕ್ಕೆ ಪ್ರಬಂಧ ಬರೆದದ್ದು 2003ರಲ್ಲೇ. ಕರ್ನಲ್ ಕೋಡ್ ಎಲ್ಲರಿಗೂ ತೆರೆದಿದೆ, ಬೇಕಾದ್ದು ಒಂದು ಲ್ಯಾಪ್‌ಟಾಪ್ ಮತ್ತು ತಾಳ್ಮೆ. ಈ ರಜೆಯಲ್ಲೇ ಒಂದು ಸೆಕ್ಟರ್ ಓದುವ ಡ್ರೈವರ್ ಬರೆಯಿರಿ.