ನಾರುಹುಣ್ಣು ಮತ್ತು ಫ್ಲೋರೋಸಿಸ್: ಎರಡು ಜಲರೋಗಗಳ ವಿಚಾರ

ನಾರುಹುಣ್ಣು ಎಂಬ ಶಬ್ದವನ್ನು ಇಂದಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿದೆ. ಶಬ್ದವು ಕೋಶದಲ್ಲಿ ಉಳಿದು ಅದರ ಅರ್ಥವು ಲೋಕದಿಂದ ಮರೆಯಾಗುವುದು ಸಾಮಾನ್ಯವಾಗಿ ಭಾಷಾಭ್ಯಾಸಿಗೆ ದುಃಖದ ಸಂಗತಿ. ಈ ಒಂದು ಶಬ್ದದ ವಿಷಯದಲ್ಲಿ ಮಾತ್ರ ಅದು ಸಂತೋಷದ ಸಂಗತಿಯೇ ಸರಿ. ಮನುಷ್ಯನ ಕಾಲಿನಲ್ಲಿ ಬೊಬ್ಬೆಯೆದ್ದು, ಅದು ಒಡೆದು, ಒಳಗಿನಿಂದ ನಾರಿನ ಎಳೆಯಂತಹ ಬಿಳಿಯ ಹುಳು ಹೊರಬರುತ್ತಿದ್ದುದರಿಂದ ನಮ್ಮ ಜನ ಆ ಬೇನೆಗೆ ಈ ಹೆಸರಿಟ್ಟರು. ಆಯುರ್ವೇದಜ್ಞರು ಅದನ್ನು ಸ್ನಾಯುಕವೆಂದರು. ಪಾಶ್ಚಾತ್ಯ ಶಾಸ್ತ್ರಜ್ಞರು ಲ್ಯಾಟಿನ್ ಭಾಷೆಯಲ್ಲಿ ಆ ಹುಳುವಿಗೆ ಕೊಟ್ಟ ನಾಮಕ್ಕೆ ಮೆದೀನಾ ಪಟ್ಟಣದ ಮರಿಸರ್ಪ ಎಂದು ಅರ್ಥಮಾಡಬಹುದು. ಈ ಮೂರು ಹೆಸರುಗಳೂ ಹೊರಬಂದುದನ್ನು ನೋಡಿ ಇಟ್ಟವು. ಒಳಹೋದುದನ್ನು ಕಂಡವರು ಬಹುಕಾಲ ಯಾರೂ ಇರಲಿಲ್ಲ. ಅದು ಒಳಹೋಗುವುದು ಕುಡಿಯುವ ನೀರಿನ ಮೂಲಕ ಎಂಬುದಕ್ಕೆ ಮೊದಲ ಸುಳಿವನ್ನು ಕೊಟ್ಟವನು ೧೮೭೦ರ ಸುಮಾರಿನಲ್ಲಿ ತುರ್ಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ರಷ್ಯದ ಪ್ರಕೃತಿವಿಜ್ಞಾನಿ ಅಲೆಕ್ಸಿ ಫೆದ್ಚೆಂಕೊ.

ರೋಗದ ಕ್ರಮ ಹೀಗಿದೆ. ಹುಣ್ಣುಳ್ಳವನು ಉರಿ ತಾಳಲಾರದೆ ಕಾಲನ್ನು ತಣ್ಣೀರಿನಲ್ಲಿ ಇಳಿಬಿಡುತ್ತಾನೆ. ಕೂಡಲೇ ಹುಳುವು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಕಿರಿದಾದ ಜಲಕೀಟವು ಆ ಮರಿಗಳನ್ನು ನುಂಗುತ್ತದೆ; ಆ ಕೀಟವಿರುವ ನೀರನ್ನು ಮನುಷ್ಯನು ಕುಡಿಯುತ್ತಾನೆ. ಒಳಹೊಕ್ಕ ಮರಿಯು ಸುಮಾರು ಒಂದು ವರ್ಷಕಾಲ ಯಾವ ಕುರುಹನ್ನೂ ತೋರದೆ ಬೆಳೆದು, ಎರಡು ಮೂರು ಅಡಿಯ ಎಳೆಯಾಗಿ ಹೊರಬೀಳುತ್ತದೆ. ನಮ್ಮ ಉತ್ತರದ ಬಯಲುಸೀಮೆಯ ಮೆಟ್ಟಿಲುಬಾವಿಯು ಈ ಚಕ್ರಕ್ಕೆ ಹೇಳಿ ಮಾಡಿಸಿದಂತಹ ಸ್ಥಳವಾಗಿತ್ತು. ಕೊಡ ಹಿಡಿದವರು ಮೆಟ್ಟಿಲಿಳಿದು, ಮೊಳಕಾಲುದ್ದ ನೀರಿನಲ್ಲಿ ನಿಂತು, ಆ ನೀರನ್ನೇ ತುಂಬಿಕೊಂಡು ಬರುವುದು ಅಲ್ಲಿಯ ರೂಢಿ. ಬೇಸಗೆಯಲ್ಲಿ ನೀರು ಇಳಿದಷ್ಟೂ ಕೀಟಗಳು ಒತ್ತಾಗುತ್ತಿದ್ದವು. ಆ ಬೇಸಗೆಯಲ್ಲಿ ಕುಡಿದ ನೀರು ಮುಂದಿನ ಬೇಸಗೆಯ ಕೊನೆಗೆ, ಎಂದರೆ ಹೊಲ ಹದಮಾಡುವ ಹೊತ್ತಿಗೆ ಸರಿಯಾಗಿ, ಒಕ್ಕಲಿಗನನ್ನು ಹಾಸಿಗೆಗೆ ಕೆಡಹುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದು, ನಡುವೆ ಹರಿದರೆ ಕೀವುಗಟ್ಟಿ ತಿಂಗಳುಗಟ್ಟಲೆ ನರಳುವುದು: ಚಿಕಿತ್ಸೆಯೆಂದರೆ ಅಷ್ಟೇ. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಒಳಗೇ ಕೊಲ್ಲುವ ಔಷಧಿಯೂ ಇಲ್ಲ.

ಆದರೂ ಅದು ತೊಲಗಿತು. ೧೯೮೪ರಲ್ಲಿ ನಮ್ಮ ದೇಶದ ಏಳು ರಾಜ್ಯಗಳ ೮೯ ಜಿಲ್ಲೆಗಳಲ್ಲಿ, ೧೨,೮೪೦ ಗ್ರಾಮಗಳಲ್ಲಿ, ಸುಮಾರು ನಲವತ್ತು ಸಾವಿರ ರೋಗಿಗಳನ್ನು ಗುರುತಿಸಲಾಗಿತ್ತು. ಆ ಏಳರಲ್ಲಿ ಕರ್ನಾಟಕವೂ ಒಂದು. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ಕಾರ್ಯಕರ್ತರು ಊರೂರು ಅಲೆದು ರೋಗಿಗಳನ್ನು ಹುಡುಕಿದರು; ಹುಣ್ಣಿಗೆ ಪಟ್ಟಿ ಕಟ್ಟಿ, ಬಾವಿಗೆ ಇಳಿಯದಂತೆ ತಿಳಿಹೇಳಿದರು; ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾರ್ಪಡಿಸಿದರು; ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಟೆಮೆಫಾಸ್ ಬೆರೆಸಿದರು; ಕೊಡದ ಬಾಯಿಗೆ ಒತ್ತು ನೇಯ್ಗೆಯ ಬಟ್ಟೆ ಕಟ್ಟಿ ಸೋಸುವುದನ್ನು ಮನೆಮನೆಗೆ ಕಲಿಸಿದರು. ಭಾರತದ ಕೊನೆಯ ರೋಗಿ ಕಂಡುಬಂದದ್ದು ೧೯೯೬ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು. ಒಂದು ಮಾತ್ರೆಯನ್ನೂ ನುಂಗಿಸದೆ ಒಂದು ರೋಗವನ್ನು ನಾಡಿನಿಂದ ಕಳುಹಿಸಿಕೊಟ್ಟ ಈ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಸ್ಥಾನಕ್ಕೆ ಅರ್ಹವಾದುದೆಂದು ನನ್ನ ಅಭಿಪ್ರಾಯ.

ಈ ಗೆಲವಿನಲ್ಲಿ ಕೈಪಂಪಿನ ಪಾಲೂ ಇದೆ. ಕೊಳವೆಬಾವಿಯೊಳಗೆ ಯಾರೂ ಕಾಲಿಡಲಾರರಷ್ಟೆ. ೧೯೭೦ರ ದಶಕದಲ್ಲಿ ರೂಪುಗೊಂಡು ಹಳ್ಳಿಹಳ್ಳಿಗೂ ಹಬ್ಬಿದ ಇಂಡಿಯಾ ಮಾರ್ಕ್ ೨ ಎಂಬ ಕೈಪಂಪಿಗೆ ಮೂಲಮಾದರಿ ಸೋಲಾಪುರದ ಪಂಪು. ಶಿವಯೋಗಿ ಸಿದ್ಧರಾಮೇಶ್ವರರು ಲೋಕಹಿತಕ್ಕಾಗಿ ಕೆರೆ ತೋಡಿಸಿದ ಸೊನ್ನಲಿಗೆಯೇ ಈ ಸೋಲಾಪುರವೆಂಬುದನ್ನು ಸ್ಮರಿಸಿದಾಗ ಮನಸ್ಸಿಗೆ ಹಿತವಾಗುತ್ತದೆ. ಬರಗಾಲದ ಭಯ, ವಾಂತಿಭೇದಿಯ ಭಯ, ದೂರದಿಂದ ನೀರು ಹೊರುವ ಹೆಂಗಸರ ಬವಣೆ, ಇವೆಲ್ಲಕ್ಕೂ ಕೊಳವೆಬಾವಿಯೇ ಪರಿಹಾರವೆಂದು ತೋರಿತು. ಬಹುಮಟ್ಟಿಗೆ ಅದು ನಿಜವೂ ಆಗಿತ್ತು.

ಆದರೆ ಬಂಡೆಯ ಒಡಲಲ್ಲಿ ಬೇರೊಂದು ದೋಷವಿತ್ತು. ಗ್ರಾನೈಟಿನಂತಹ ಶಿಲೆಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ಎಂಬ ಲವಣಾಂಶವು ನೀರಿಗೆ ಇಳಿಯುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚುಕಾಲ ನಿಂತಷ್ಟೂ ಅದು ಹೆಚ್ಚುವುದು ಸಾಮಾನ್ಯ. ಭಾರತದಲ್ಲಿ ಇದರಿಂದಾಗುವ ಫ್ಲೋರೋಸಿಸ್ ರೋಗವನ್ನು ೧೯೩೭ರಲ್ಲಿಯೇ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ್ದರು. ಎಂದರೆ ಇದು ತೆರೆದ ಬಾವಿಯ ಕಾಲದಲ್ಲಿಯೂ ಇದ್ದ ರೋಗ. ಆದರೆ ಅಂತರ್ಜಲ ಕುಸಿದು ನಾವು ಆಳ ಆಳಕ್ಕೆ ಕೊರೆಯುತ್ತ ಹೋದಂತೆ, ಕೋಲಾರ, ಪಾವಗಡ, ಮುಂಡರಗಿ, ರಾಯಚೂರು, ಕಲಬುರಗಿಗಳ ಕಡೆಯ ಎಷ್ಟೋ ಊರುಗಳಿಗೆ ಇದು ಮನೆಮಾತಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಲ್ಲಿ ೧.೫ ಮಿಲಿಗ್ರಾಂವರೆಗೆ ಸೈರಿಸತಕ್ಕದ್ದು ಎಂಬುದು ಭಾರತೀಯ ಮಾನಕ.

ನಾರುಹುಣ್ಣಿನ ನೀರಿಗೂ ಈ ನೀರಿಗೂ ಇರುವ ಭೇದವನ್ನು ಶಿಕ್ಷಕರು ಚೆನ್ನಾಗಿ ತಿಳಿದಿರಬೇಕು. ಅಲ್ಲಿ ಬಟ್ಟೆಯಲ್ಲಿ ಸೋಸಿದರೆ ಸಾಕಾಗಿತ್ತು. ಇಲ್ಲಿ ಸೋಸಿದರೂ ಫ್ಲೋರೈಡ್ ಹೋಗದು. ಕಾಯಿಸಿದರೆ ನೀರು ಇಂಗಿ ದೋಷವು ಇನ್ನಷ್ಟು ಗಟ್ಟಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಿಳಿಯಾದ ನೀರು. ಪರೀಕ್ಷೆಯ ವಿನಾ ಗೊತ್ತಾಗುವ ಬಗೆಯಿಲ್ಲ. ಒಂದು ಕೊಳವೆಬಾವಿಯಲ್ಲಿ ಮಿತಿಮೀರಿ ಇರುವುದು, ಹತ್ತಿರದ ಇನ್ನೊಂದರಲ್ಲಿ ಇಲ್ಲದಿರುವುದೂ ಉಂಟು. ಆದ್ದರಿಂದ ನೆರೆಯವರ ನೀರಿನ ವರದಿ ನಮ್ಮ ನೀರಿಗೆ ಪ್ರಮಾಣವಾಗದು.

ರೋಗವು ಮೊದಲು ಬರೆಯುವುದು ಮಕ್ಕಳ ಹಲ್ಲಿನ ಮೇಲೆ. ಹುಟ್ಟಿನಿಂದ ಸುಮಾರು ಎಂಟನೆಯ ವರ್ಷದವರೆಗೆ, ಶಾಶ್ವತ ದಂತಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಕುಡಿದ ನೀರಿನ ದೋಷವು ಅವುಗಳ ಹೊಳಪನ್ನು ಕೆಡಿಸಿ ಸುಣ್ಣದ ಬಿಳುಪನ್ನೋ ಅಡ್ಡಡ್ಡವಾದ ಹಳದಿ-ಕಂದು ಗೆರೆಗಳನ್ನೋ ಮೂಡಿಸುತ್ತದೆ. ಉಜ್ಜಿದರೆ ಅದು ಹೋಗದು; ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ ಕಾಣುತ್ತದೆ. ಮೂರನೆಯ ನಾಲ್ಕನೆಯ ತರಗತಿಯ ಅನೇಕ ಮಕ್ಕಳ ಮುಂಬಲ್ಲುಗಳಲ್ಲಿ ಈ ಗೆರೆಗಳಿದ್ದರೆ ಅದನ್ನು ಆ ಊರಿನ ನೀರಿನ ಶಾಸನವೆಂದೇ ಓದಬೇಕು. ಶುಚಿತ್ವ ಸಾಲದೆಂದು ಮಕ್ಕಳನ್ನು ಗದರಿಸುವುದು ಆ ಶಾಸನವನ್ನು ತಪ್ಪಾಗಿ ಓದಿದಂತೆ. ಅದೇ ನೀರನ್ನು ಬಹುವರ್ಷ ಕುಡಿದವರಲ್ಲಿ ಮೂಳೆಗಳು ದಪ್ಪಗಟ್ಟುತ್ತವೆ, ಕೀಲಿನ ಕಟ್ಟುಗಳು ಸುಣ್ಣಗಟ್ಟುತ್ತವೆ, ಬೆನ್ನುಹುರಿಯ ಸುತ್ತಿನ ಎಲುಬು ಬಿಗಿದು ಕತ್ತು ಹೊರಳದಂತಾಗುತ್ತದೆ. ವಾತವೆಂದು ತಿಳಿದು ಎಣ್ಣೆ ತಿಕ್ಕಿಸಿಕೊಳ್ಳುವವರೇ ಬಹಳ. ಆರಂಭದಲ್ಲಿಯೇ ನೀರನ್ನು ಬದಲಿಸಿ, ಹಾಲು, ಸೊಪ್ಪು, ನೆಲ್ಲಿಕಾಯಿಗಳಿರುವ ಆಹಾರವನ್ನು ಕೊಟ್ಟರೆ ಉಪಶಮನವುಂಟು; ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಔಷಧಿಯಿಲ್ಲ.

ಪರಿಹಾರಗಳು ಇಲ್ಲದಿಲ್ಲ. ಆಂಧ್ರದ ನಲಗೊಂಡೆಯ ಹೆಸರಿನಿಂದ (ಆ ಊರು ಈಗ ತೆಲಂಗಾಣಕ್ಕೆ ಸೇರಿದೆ) ಪ್ರಸಿದ್ಧವಾದ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುತ್ತಾರೆ. ನಾಗಪುರದ ಪರಿಸರ ಸಂಶೋಧನ ಸಂಸ್ಥೆಯವರು ರೂಪಿಸಿದ ಉಪಾಯವಿದು. ಅಳತೆ ತಪ್ಪದೆ ದಿನವೂ ಮಾಡುವವರು ಬೇಕು. ಶುದ್ಧ ಕುಡಿಯುವ ನೀರಿನ ಘಟಕಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಈಗ ಸಾವಿರಾರು ಇವೆ. ಅವುಗಳ ಪೊರೆ ಸವೆದು ಹೋದ ಮೇಲೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಕುಡಿಯುವವರೂ ಕುಡಿಯುತ್ತಲೇ ಇರುತ್ತಾರೆ. ಉದ್ಘಾಟನೆಗೆ ಬಂದ ಜನ ಪೊರೆ ಬದಲಿಸುವ ದಿನ ಬರುವುದಿಲ್ಲ. ಮತ್ತೊಂದು ಲೋಪ: ಕುಡಿಯಲು ಘಟಕದ ನೀರು, ಅಡುಗೆಗೆ ಕೊಳವೆಬಾವಿಯ ನೀರು. ಬೇಳೆ ಬೇಯಿಸಿದ ನೀರೂ ಹೊಟ್ಟೆಗೇ ಹೋಗುತ್ತದೆ. ದೂರದ ನದಿಯ ನೀರನ್ನು ತರುವ ಯೋಜನೆಗಳು ಉತ್ತಮವೇ. ಆದರೆ ಕೊಳವೆ ಒಡೆದ ದಿನ ಊರು ಮರಳಿ ಹಳೆಯ ಬೋರಿಗೇ ಹೋಗುತ್ತದೆ.

ಶಾಲೆಗಳು ತಾವೇ ಮಾಡಬಹುದಾದುದು ಮಳೆನೀರಿನ ಸಂಗ್ರಹ. ಮುಗಿಲಿನ ನೀರಿಗೆ ಬಂಡೆಯ ಸಂಪರ್ಕವಿಲ್ಲ. ಲೆಕ್ಕ ಸುಲಭವಾದುದು: ವರ್ಷಕ್ಕೆ ೫೦೦ ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ೪೦೦ ಚದರ ಮೀಟರಿನ ಮಾಳಿಗೆಯ ಮೇಲೆ ಎರಡು ಲಕ್ಷ ಲೀಟರ್ ನೀರು ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ ಒಂದು ಲಕ್ಷದ ಅರವತ್ತು ಸಾವಿರ ಲೀಟರ್ ಉಳಿಯುತ್ತದೆ. ಇನ್ನೂರು ಮಕ್ಕಳಿಗೆ ಕುಡಿಯುವುದಕ್ಕೂ ಮಧ್ಯಾಹ್ನದ ಅಡುಗೆಗೂ ತಲಾ ೪ ಲೀಟರಿನಂತೆ ಇನ್ನೂರು ಶಾಲಾದಿನಗಳಿಗೆ ಬೇಕಾಗುವುದು ಅಷ್ಟೇ. ಮಳೆಗಾಲದಲ್ಲಿಯೇ ಒಂದಷ್ಟು ಖರ್ಚಾಗುವುದರಿಂದ ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ತೊಟ್ಟಿ ಸಾಕಾದೀತು. ಮೊದಲ ಮಳೆಯ ನೀರನ್ನು ಹೊರಬಿಡಬೇಕು. ತೊಟ್ಟಿಗೆ ಮುಚ್ಚಳವೂ ಸೊಳ್ಳೆ ಹೋಗದ ಜಾಲರಿಯೂ ಇರಬೇಕು. ಸೂಕ್ಷ್ಮಾಣುಗಳ ನಿವಾರಣೆಗೆ ಕ್ಲೋರಿನ್ ಬೆರೆಸಬೇಕು.

ಕೆರೆ, ಬಾವಿ, ಅರವಟ್ಟಿಗೆಗಳನ್ನು ಮಾಡಿಸಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ದಾಸೋಹಭಾವದಿಂದ ಇಂತಹ ತೊಟ್ಟಿಯನ್ನು ಕಟ್ಟಿಸಿಕೊಡುವ ದಾನಿಗಳ ಹೆಸರೂ ಅದರ ಮೇಲೆ ಇರಲಿ. ಅದರ ಪಕ್ಕದಲ್ಲಿ, ಸೀಮೆಸುಣ್ಣದಿಂದ ಬರೆದು ಅಳಿಸಬಹುದಾದ ಒಂದು ಕರಿಹಲಗೆಯನ್ನೂ ನೆಡಿಸಬೇಕೆಂದು ನನ್ನ ಬಿನ್ನಹ: ನೀರನ್ನು ಕೊನೆಯದಾಗಿ ಪರೀಕ್ಷಿಸಿದ ದಿನಾಂಕ, ಅದರಲ್ಲಿ ಕಂಡ ಫ್ಲೋರೈಡಿನ ಪ್ರಮಾಣ, ಮುಂದಿನ ಪರೀಕ್ಷೆ ಯಾವಾಗ ಎಂಬ ಮೂರು ಸಾಲುಗಳು ಅದರಲ್ಲಿರಲಿ. ಬರೆಯುವ ಕೆಲಸವನ್ನು ಏಳನೆಯ ತರಗತಿಯ ಮಕ್ಕಳಿಗೆ ಒಪ್ಪಿಸಬಹುದು.